ಕಾರವಾರವೋ ಮಂಗಳೂರೋ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎರಡೂ ಊರಿನಿಂದ ಕೆಲಸಕ್ಕೆ ಕರೆ ಬಂದದ್ದು ಸಂತೋಷ. ಬಾಡಿಗೆ ಎಲ್ಲಿ ಕಡಿಮೆ, ಕಡಲು ಎಲ್ಲಿ ಚಂದ ಎಂದು ಕೇಳಿದ್ದೀಯ. ಎರಡಕ್ಕೂ ಉತ್ತರ ಕಾರವಾರವೇ. ಟ್ಯಾಗೋರ್ ಕಡಲತೀರ ಪೇಟೆಯ ಮಗ್ಗುಲಲ್ಲೇ ಇದೆ, ಸಂಜೆ ನಡೆದೇ ಹೋಗಬಹುದು. ಮಂಗಳೂರಿನಿಂದ ಪಣಂಬೂರು ಕಡಲತೀರಕ್ಕೆ ಹೋಗುವುದೆಂದರೆ ಬಂದರಿನ ಲಾರಿಗಳ ನಡುವೆ ನುಸುಳಬೇಕು. ಆದರೆ ಕೇಳಬೇಕಾದದ್ದನ್ನೇ ನೀನು ಬಿಟ್ಟಿದ್ದೀಯ ಮಾರಾಯ್ತಿ: ರಾತ್ರಿ ಎರಡು ಗಂಟೆಗೆ ನಿನ್ನ ಅತ್ತೆಗೆ ಎದೆನೋವು ಬಂದರೆ ಎಲ್ಲಿಗೆ ಕರೆದೊಯ್ಯುತ್ತೀ?

ಮಂಗಳೂರಾದರೆ ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ಕುಂಟಿಕಾನದ ಎ.ಜೆ. ಆಸ್ಪತ್ರೆಗಳೆಲ್ಲವೂ ಆಟೋ ದೂರ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ ನಿಜ. ಆದರೂ ಹೃದಯ, ಮಿದುಳಿನ ದೊಡ್ಡ ಚಿಕಿತ್ಸೆಗೆ ಜನ ಗೋವೆಯ ಬಾಂಬೋಳಿಗೋ ಮಣಿಪಾಲಕ್ಕೋ ಓಡುತ್ತಾರೆ. ಮೊದಲನೆಯದು ಸುಮಾರು 100 ಕಿ.ಮೀ., ಎರಡನೆಯದು 200ಕ್ಕೂ ಮೇಲೆ. ಮಳೆಗಾಲದಲ್ಲಿ ಆ ದಾರಿಗಳನ್ನೂ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ತೆಂಕಣ ಹೆದ್ದಾರಿ ಬಂದ್ ಆಯಿತು. ಆಗಸ್ಟ್ 7ರ ರಾತ್ರಿ ಒಂದರ ಸುಮಾರಿಗೆ ಬಡಗಣದ ಕಾಳಿ ನದಿಯ ಹಳೆ ಸೇತುವೆಯೇ ಬಿತ್ತು. ಎರಡಕ್ಕೂ ನಡುವೆ ಇದ್ದದ್ದು 22 ದಿನ. ತಿಂಗಳ ತಪಾಸಣೆಗಾದರೆ ಮಂಗಳೂರಿಗೆ ವಂದೇ ಭಾರತ್ ರೈಲಿದೆ. ಎದೆನೋವು ವೇಳಾಪಟ್ಟಿ ನೋಡಿ ಬರುವುದಿಲ್ಲವಲ್ಲ!

ಆದ್ದರಿಂದ ಅತ್ತೆ ಜೊತೆಗಿರುವಷ್ಟು ಕಾಲ ಮಂಗಳೂರೇ ಇರಲಿ. ನೀವಿಬ್ಬರೇ ಆಗಿದ್ದರೆ ಕಾರವಾರಕ್ಕೇ ಹೋಗು ಎನ್ನುತ್ತಿದ್ದೆ.

ಇನ್ನು ಮನೆ. ಮಂಗಳೂರು ದಿಬ್ಬ-ತಗ್ಗುಗಳ ಊರು, ಗುಡ್ಡದ ಮೇಲಿನ ನೀರೆಲ್ಲ ರಾಜಕಾಲುವೆಗಳಿಗೆ ಇಳಿಯುತ್ತದೆ. ಜೋರು ಮಳೆಯ ಹೊತ್ತಿಗೆ ಸಮುದ್ರದಲ್ಲಿ ಉಬ್ಬರವೂ ಇದ್ದರೆ ಕಾಲುವೆಯ ನೀರು ಹೊರಹೋಗದೆ ಹಿಂದಕ್ಕೆ ಒತ್ತುತ್ತದೆ. 2018ರ ಮೇ 29ರಂದು ಊರು ಮುಳುಗಿದ್ದು ನೆನಪಿರಬಹುದು. ಕೊಟ್ಟಾರ ಚೌಕಿ, ಅಳಕೆ, ಕುದ್ರೋಳಿಯ ತಗ್ಗುಗಳಲ್ಲಿ ನೆಲಮಹಡಿ ಬೇಡ. ಕದ್ರಿ, ಬಿಕರ್ನಕಟ್ಟೆ, ಶಕ್ತಿನಗರದ ಎತ್ತರದ ಕಡೆ ಹುಡುಕು. ದಲ್ಲಾಳಿಯ ಮಾತಿಗಿಂತ ಕಾಂಪೌಂಡ್ ಗೋಡೆ ಹೆಚ್ಚು ಹೇಳುತ್ತದೆ. ಮೊಣಕಾಲೆತ್ತರದಲ್ಲಿ ಕೆಸರಿನ ಗೆರೆ, ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಕಂಡರೆ ಪಕ್ಕದ ಅಂಗಡಿಯವರನ್ನು ವಿಚಾರಿಸು. ಕಾರು ನಿಲ್ಲಿಸುವ ಜಾಗ ರಸ್ತೆಗಿಂತ ಕೆಳಗಿದ್ದರೆ ಆ ಮನೆಯ ಆಸೆ ಬಿಡು.

ಎತ್ತರಕ್ಕೆ ಹೋದರೆ ನೀರಿನ ಪ್ರಶ್ನೆ. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಬೇಸಿಗೆ ಮಳೆ ಕೈಕೊಟ್ಟರೆ ಏಪ್ರಿಲ್-ಮೇನಲ್ಲಿ ಸರದಿ ಮೇಲೆ ನೀರು ಬಿಡುತ್ತಾರೆ, 2019ರಲ್ಲಿ ಹಾಗೇ ಆಯಿತು. ಬಾವಿ ಇದ್ದರೆ ಅದು ಮೇ ಕೊನೆಗೂ ಬತ್ತುವುದಿಲ್ಲವೇ ಎಂದು ಮಾಲೀಕರನ್ನಲ್ಲ, ಮೊದಲಿದ್ದ ಬಾಡಿಗೆಯವರನ್ನು ಕೇಳು. ಕಡಲ ಹತ್ತಿರದ ಬಾವಿಯಾದರೆ ಒಂದು ಗುಟುಕು ಕುಡಿದೇ ನೋಡು, ಬೇಸಿಗೆಯಲ್ಲಿ ಉಪ್ಪಾಗುತ್ತದೆ.

ಮಳೆ ಹೊಡೆಯುವುದು ನೈಋತ್ಯದಿಂದ. ಆ ಕಡೆಯ ಗೋಡೆಗೆ ಬೆನ್ನು ಕೊಟ್ಟ ಕೋಣೆ ಜೂನ್‌ನಿಂದ ಜಿನುಗುತ್ತದೆ, ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಕಪಾಟನ್ನು ಒಳಗೋಡೆಗೆ ಇಡು, ಹಿಂದೆ ನಾಲ್ಕು ಬೆರಳು ಜಾಗ ಬಿಡು. ಅತ್ತೆಯ ಕೋಣೆ ಪೂರ್ವಕ್ಕಿರಲಿ. ಲಿಫ್ಟ್‌ಗೆ ಜನರೇಟರ್ ಸಂಪರ್ಕ ಇದೆಯೇ ಎಂದು ಕರೆಂಟು ಹೋದಾಗಲೇ ಪರೀಕ್ಷಿಸಬೇಕು, ಬಾಯಿಮಾತು ಸಾಲದು.

ಮೀನಿಗೆ ಎರಡೂ ಊರಲ್ಲಿ ಕೊರತೆಯಿಲ್ಲ. ಜೂನ್-ಜುಲೈ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ಒಣಮೀನೇ ಗತಿ.

ಮುಂಗಡ ಕೊಡುವ ಮೊದಲು ಜೋರು ಮಳೆ ಬಿದ್ದ ಮರುದಿನ ಬೆಳಿಗ್ಗೆ ಒಮ್ಮೆ ಮನೆಗೆ ಹೋಗಿ ಬಾ. ಗೋಡೆ, ಬಾವಿ, ರಸ್ತೆಯ ಫೋಟೋ ಕಳಿಸು.

ಇತಿ,
ದೊಡ್ಡಪ್ಪ