ಮಾತ್ರೆ ಬಿಡುವ ಮುಂಚೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸ್ಟ್ಯಾಟಿನ್ ಮಾತ್ರೆ ಬಿಟ್ಟಿದ್ದೀಯಂತೆ, ನಿನ್ನ ಅಪ್ಪ ಹೇಳಿದ. ಅದರಿಂದ ಡಯಾಬಿಟಿಸ್ ಬರಬಹುದು ಅಂತ ಎಲ್ಲೋ ಓದಿ, ಕೊಲೆಸ್ಟ್ರಾಲ್ ಇಳಿಸೋಕೆ ಹೋಗಿ ಶುಗರ್ ಯಾಕೆ ತಂದುಕೊಳ್ಳಲಿ ಅಂದೆಯಂತೆ. ನೀನು ಓದಿದ್ದು ಸುಳ್ಳಲ್ಲ. ಆದರೆ ಅರ್ಧ ಓದಿ ಎದ್ದಿದ್ದೀಯ ಅನ್ನಿಸುತ್ತೆ.

ಮೊದಲು ನಮ್ಮ ಮನೆತನದ ವಿಷಯ. ನಮ್ಮದು ತಿಂದು ಬಂದ ಕೊಲೆಸ್ಟ್ರಾಲ್ ಅಲ್ಲ. ರಕ್ತದಲ್ಲಿರುವ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುವ ರಿಸೆಪ್ಟರ್‌ಗಳು ಲಿವರ್ ಮೇಲೆ ಇರುತ್ತವೆ. ನಮಗೆ ಅವು ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಇಂಥ ದೋಷ ಇರುತ್ತೆ. ನೀನು ಸಣ್ಣಗಿದ್ದೀಯ, ಎಣ್ಣೆ ಪದಾರ್ಥ ಮುಟ್ಟಲ್ಲ, ಎಲ್ಲ ಸರಿ. ಅದರಿಂದ ನಮ್ಮಂಥವರ ಎಲ್‌ಡಿಎಲ್ ಇಳಿಯುವುದು ಸ್ವಲ್ಪವೇ.

ಮುಂದಿನ ಸಲ ಬಂದಾಗ ನನ್ನ ಹಿಮ್ಮಡಿಯ ಮೇಲೆ, ಹಿಂಭಾಗದಲ್ಲಿ ಒತ್ತಿ ನೋಡು. ಅಲ್ಲಿನ ದಪ್ಪ ನರದಂಥ ಪಟ್ಟಿ ನಿನಗಾದರೆ ನುಣ್ಣಗೆ ಸಿಗುತ್ತೆ. ನನಗೆ ಗಂಟು ಗಂಟು, ನೋವಿಲ್ಲ, ಗಟ್ಟಿ. ಅದೆಲ್ಲ ವರ್ಷಗಟ್ಟಲೆ ಕೂತ ಕೊಲೆಸ್ಟ್ರಾಲ್. ಕಾಲಲ್ಲಿ ಕೂತರೆ ಚಪ್ಪಲಿ ಒತ್ತುತ್ತೆ, ಅಷ್ಟೇ. ಹೃದಯದ ರಕ್ತನಾಳದಲ್ಲಿ ಕೂತರೆ? ಚಿಕಿತ್ಸೆ ಇಲ್ಲದಿದ್ದರೆ ಇಂಥ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ 50 ವರ್ಷದೊಳಗೆ ಹೃದಯದ ತೊಂದರೆ ಶುರುವಾಗುತ್ತೆ. ಹೆಂಗಸರಲ್ಲಿ 60ರೊಳಗೆ ನೂರಕ್ಕೆ ಸುಮಾರು 30 ಜನರಿಗೆ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆಗಲ್ಲ ಅಂತ ಸುಮ್ನೆ ಕೂರಬೇಡ.

ಈಗ ಶುಗರ್ ಲೆಕ್ಕ. 2010ರಲ್ಲಿ 13 ಪ್ರಯೋಗಗಳನ್ನು, 90 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಸ್ಟ್ಯಾಟಿನ್ ತಗೊಂಡವರಲ್ಲಿ ಡಯಾಬಿಟಿಸ್ ಶೇ. 9ರಷ್ಟು ಜಾಸ್ತಿ ಕಂಡಿತು. ಕೇಳಿದರೆ ಎದೆ ಧಸಕ್ ಅನ್ನುತ್ತೆ, ಅಲ್ವಾ? ಅದನ್ನೇ ಇನ್ನೊಂದು ರೀತಿ ಹೇಳಿದರೆ, 255 ಜನ ನಾಲ್ಕು ವರ್ಷ ಮಾತ್ರೆ ತಗೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಡಯಾಬಿಟಿಸ್. ಅದೂ ಹೆಚ್ಚಾಗಿ ಮೊದಲೇ ಶುಗರ್ ಗಡಿಯಲ್ಲಿದ್ದವರಿಗೆ. ಡೋಸ್ ಜಾಸ್ತಿಯಾದಷ್ಟೂ ಅಪಾಯವೂ ಜಾಸ್ತಿ ಅನ್ನೋದು ನಿಜ. ನಮಗೆ ಕೊಡುವುದು ದೊಡ್ಡ ಡೋಸೇ, ಅದನ್ನು ಮುಚ್ಚಿಡಲ್ಲ.

ಆದರೆ ಇದನ್ನು ನೀನು ಓದಿರಲಿಕ್ಕಿಲ್ಲ. ನೆದರ್ಲೆಂಡ್ಸ್‌ನಲ್ಲಿ ನಮ್ಮಂಥ ಕುಟುಂಬಗಳ 63 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಲೆಕ್ಕ 2015ರಲ್ಲಿ ಹೊರಬಂತು. ದೋಷ ಇದ್ದವರಲ್ಲಿ ಡಯಾಬಿಟಿಸ್ ಇದ್ದದ್ದು ಶೇ. 1.75. ಅದೇ ಕುಟುಂಬಗಳ ದೋಷ ಇಲ್ಲದವರಲ್ಲಿ ಶೇ. 2.93. ನಮಗೇ ಕಡಿಮೆ! ಇನ್ಸುಲಿನ್ ಮಾಡುವ ಜೀವಕೋಶಗಳಿಗೂ ಕೊಲೆಸ್ಟ್ರಾಲ್ ಒಳಗೆ ನುಗ್ಗುವುದು ಕಡಿಮೆ, ಹಾಗಾಗಿ ಅವು ಚೆನ್ನಾಗಿರುತ್ತವೆ ಅನ್ನುವುದು ತಜ್ಞರ ಊಹೆ. ಹಾಗಂತ ನಮಗೆ ಶುಗರ್ ಬರೋದೇ ಇಲ್ಲ ಅಂತಲ್ಲ.

ಶುಗರ್ ಬಂದರೂ ಈ ಮಾತ್ರೆ ತಪ್ಪಿಸಿಕೊಳ್ಳೋಕೆ ಆಗಲ್ಲ, ಗೊತ್ತಾ? ಡಯಾಬಿಟಿಸ್ ಇರುವವರಿಗೆ ಹೃದಯ ಕಾಪಾಡೋಕೆ ಡಾಕ್ಟರು ಬರೆಯುವುದು ಇದೇ ಸ್ಟ್ಯಾಟಿನ್ನೇ.

ಹಾಗಾಗಿ ಭಯ ಇದ್ದರೆ ಪರೀಕ್ಷೆ ಮಾಡಿಸು, ಮಾತ್ರೆ ಬಿಡಬೇಡ. ಕೊಲೆಸ್ಟ್ರಾಲ್ ನೋಡುವ ಲಿಪಿಡ್ ಪ್ರೊಫೈಲ್ ಮಾಡಿಸುವಾಗ, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಕೂಡ ಮಾಡಿಸು. ಅದು ಶೇ. 5.7ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ. 5.7ರಿಂದ 6.4 ಇದ್ದರೆ ಎಚ್ಚರ, ನಡಿಗೆ ಜಾಸ್ತಿ ಮಾಡು, ಸೊಂಟದ ಸುತ್ತಳತೆ ನೋಡಿಕೋ. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಯಾಬಿಟಿಸ್. ಡೋಸ್ ಬದಲಿಸುವುದು, ಜೊತೆಗೆ ಎಜೆಟಿಮೈಬ್ ಅನ್ನೋ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಕೊಡುವುದು, ಕೊಲೆಸ್ಟ್ರಾಲ್ ಇಳಿಸುವ ಇಂಜೆಕ್ಷನ್‌ಗೆ ಹೋಗುವುದು, ಇವೆಲ್ಲ ಡಾಕ್ಟರ ಕೈಲಿರುವ ದಾರಿಗಳು. ನೀನೇ ತೀರ್ಮಾನ ಮಾಡಬೇಡ.

ಒಂದು ವಿಷಯ ಮಾತ್ರ ನೆನಪಿಡು. ಮಗು ಬೇಕು ಅಂತ ನೀವಿಬ್ಬರೂ ಯೋಚಿಸಿದಾಗ ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಆಗ ಸಾಮಾನ್ಯವಾಗಿ ಈ ಮಾತ್ರೆ ನಿಲ್ಲಿಸುತ್ತಾರೆ. ಅದು ನ್ಯಾಯವಾದ ಕಾರಣ.

ನಿನ್ನ ತಮ್ಮ ಇನ್ನೂ ಪರೀಕ್ಷೆ ಮಾಡಿಸಿಲ್ಲ. ಅಪ್ಪನಿಗಿರುವ ದೋಷ ಅವನಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ನಾನು ಹೇಳಿದರೆ ನಗ್ತಾನೆ, ನಿನ್ನ ಮಾತು ಕೇಳ್ತಾನೆ. ಈ ವಾರವೇ ಇಬ್ಬರೂ ಹೋಗಿ ಬನ್ನಿ. ರಿಪೋರ್ಟ್ ಬಂದ ತಕ್ಷಣ ನನಗೂ ಕಳಿಸು.

ಇಂತಿ ನಿನ್ನ ದೊಡ್ಡಪ್ಪ