ಆಗಸ್ಟ್ 15ಕ್ಕೆ ಸಿಂಗಪುರ: ದಿನದ ಪಟ್ಟಿ ಶಾಲೆಯೇ ಬರೆಯಲಿ

ಮಾನ್ಯರೆ,

ಹುಬ್ಬಳ್ಳಿ-ಧಾರವಾಡದ ಶಾಲೆಗಳು ಸ್ವಾತಂತ್ರ್ಯ ದಿನದ ರಜೆ ಹೊಂದಿಸಿಕೊಂಡು ಮಕ್ಕಳನ್ನು ಸಿಂಗಪುರಕ್ಕೆ ಶೈಕ್ಷಣಿಕ ಪ್ರವಾಸ ಕರೆದೊಯ್ಯುವುದಾದರೆ, ಆ ಒಂದು ದಿನವನ್ನಾದರೂ ಟ್ರಾವೆಲ್ಸ್‌ನವರ ಕೈಗೆ ಬಿಡಬಾರದು. ಬಿಟ್ಟರೆ ಬೆಳಿಗ್ಗೆ ಮೋಜಿನ ದ್ವೀಪ ಸೆಂಟೋಸಾ, ಸಂಜೆ ಶಾಪಿಂಗ್, ಅಲ್ಲಿಗೆ 15ನೇ ತಾರೀಖು ಮುಗಿಯಿತು. ನಮ್ಮ ಸ್ವಾತಂತ್ರ್ಯ ಹೋರಾಟದ ಒಂದು ದೊಡ್ಡ ಘಟ್ಟ ನಡೆದದ್ದು ಅದೇ ಊರಿನಲ್ಲಿ ಎಂಬುದು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

1943ರ ಜುಲೈ 5ರಂದು ನೇತಾಜಿ ಭಾರತೀಯ ರಾಷ್ಟ್ರೀಯ ಸೇನೆಯ (ಐಎನ್‌ಎ) ಸೈನಿಕರ ಮುಂದೆ ‘ದಿಲ್ಲಿ ಚಲೋ’ ಎಂದದ್ದು ಪಡಾಂಗ್ ಮೈದಾನದಲ್ಲಿ. ಎದುರಿಗಿದ್ದ ಸಿಟಿ ಹಾಲ್ ಈಗ ನ್ಯಾಷನಲ್ ಗ್ಯಾಲರಿಯ ಭಾಗ. ಅದೇ ಅಕ್ಟೋಬರ್ 21ಕ್ಕೆ ಆಜಾದ್ ಹಿಂದ್ ಸರ್ಕಾರ ಘೋಷಣೆಯಾದದ್ದು ಕ್ಯಾಥೆ ಕಟ್ಟಡದಲ್ಲಿ. ಪಡಾಂಗ್ ಪಕ್ಕದ ಎಸ್‌ಪ್ಲನೇಡ್ ಉದ್ಯಾನದಲ್ಲಿ, 1945ರ ಜುಲೈ 8ರಂದು, ಮಡಿದ ಸೈನಿಕರ ಸ್ಮಾರಕಕ್ಕೆ ನೇತಾಜಿ ಅಡಿಗಲ್ಲು ಹಾಕಿದರು. ಸೆಪ್ಟೆಂಬರ್‌ನಲ್ಲಿ ಮರಳಿ ಬಂದ ಬ್ರಿಟಿಷರು ಅದನ್ನು ಒಡೆದುಹಾಕಿದರು. ಏಕತೆ, ವಿಶ್ವಾಸ, ತ್ಯಾಗ ಎಂಬ ಐಎನ್‌ಎ ಧ್ಯೇಯವಾಕ್ಯ ಅದರ ಮೇಲಿತ್ತು. ಆ ಜಾಗದಲ್ಲಿ 1995ರಲ್ಲಿ ನೆನಪಿನ ಫಲಕ ನಿಲ್ಲಿಸಿದ್ದಾರೆ. ಅದರ ಮುಂದೆ ಹತ್ತು ನಿಮಿಷ ನಿಲ್ಲಿಸಿ ಇಷ್ಟು ಹೇಳಿದರೂ ಸಾಕು, ಮಕ್ಕಳು ಮರೆಯುವುದಿಲ್ಲ.

ಆದರೆ ಅಲ್ಲಿ ತ್ರಿವರ್ಣ ಬಿಚ್ಚಬೇಡಿ. ವಿದೇಶಿ ರಾಷ್ಟ್ರಧ್ವಜಗಳನ್ನು ಸಾರ್ವಜನಿಕ ಸ್ಥಳದಲ್ಲಿ ಪ್ರದರ್ಶಿಸುವುದನ್ನು ಸಿಂಗಪುರದ 1949ರ ಕಾಯ್ದೆ ನಿರ್ಬಂಧಿಸುತ್ತದೆ. ಪರವಾನಗಿ ಇಲ್ಲದೆ ಗುಂಪುಗೂಡಿ ಘೋಷಣೆ ಕೂಗಿದರೂ ತೊಂದರೆ. ಮಕ್ಕಳ ಕೈಗೆ ಪುಟ್ಟ ಧ್ವಜ ಕೊಟ್ಟು ಫೋಟೊ ತೆಗೆಸುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ಧ್ವಜವಂದನೆ ಭಾರತದ ಹೈಕಮಿಷನ್ ಆವರಣದಲ್ಲಿ ಮಾಡಿಸಿ. ಸಮಯ, ನೋಂದಣಿ, ಬ್ಯಾಗ್ ಒಯ್ಯಬಹುದೇ ಎಂಬುದನ್ನು ಅವರ ವೆಬ್‌ಸೈಟ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಹೊರಡುವ ಮುನ್ನ, ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೂ ಒಮ್ಮೆ ಕರೆದೊಯ್ಯಿರಿ. 24 ಗೆರೆಯ ಚಕ್ರ ಬಟ್ಟೆಯ ಎರಡೂ ಬದಿಗೆ ಕೂದಲೆಳೆಯಷ್ಟೂ ಸರಿಯದಂತೆ ಅಚ್ಚಾಗುವುದನ್ನು ಕಂಡ ಮಗು ಧ್ವಜವನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

14ರ ರಾತ್ರಿ ಬೆಂಗಳೂರಿನಿಂದ ವಿಮಾನ ಹತ್ತಿಸುವುದು ದೊಡ್ಡ ತಪ್ಪು. ಸುಮಾರು ನಾಲ್ಕೂವರೆ ತಾಸಿನ ಪ್ರಯಾಣ, ಜತೆಗೆ ಅಲ್ಲಿನ ಗಡಿಯಾರ ಎರಡೂವರೆ ತಾಸು ಮುಂದೆ. ನಿದ್ದೆಗೆಟ್ಟ ಮಕ್ಕಳು ಬೆಳಿಗ್ಗೆ ಇಳಿದರೆ ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನದ ಮೇಲೆಯೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲಿನ ದಣಿವು ಬೇರೆ. 13ಕ್ಕೇ ಹೊರಡಿ. ಅಲ್ಲಿ ಆಗಸ್ಟ್‌ನಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಹಾಗಾಗಿ ಫಲಕದ ಹತ್ತಿರ ಏಳೂವರೆಗೆ ಹೋದರೆ ಬಿಸಿಲೂ ಕಾಡದು. ಕೆಂಪುಕೋಟೆಯ ಭಾಷಣ ನಮ್ಮಲ್ಲಿ 7.30ಕ್ಕೆ ಶುರುವಾದರೆ ಅಲ್ಲಿ 10 ಗಂಟೆ. ಸಿಂಗಪುರದ ಸ್ವಂತ ರಾಷ್ಟ್ರೀಯ ದಿನ ಆಗಸ್ಟ್ 9. ಅದರ ಪರೇಡ್ ಪಡಾಂಗ್‌ನಲ್ಲಿ ನಡೆದ ವರ್ಷ ಆಸನಗಳ ಅಟ್ಟಣಿಗೆ ಬಿಚ್ಚುವ ಕೆಲಸ ನಡೆದಿರಬಹುದು, ವಿಚಾರಿಸಿಕೊಳ್ಳಿ.

ಇನ್ನು ಕಾಗದಪತ್ರ. ಮಕ್ಕಳು ಸಣ್ಣವರಿದ್ದಾಗ ಮಾಡಿಸಿದ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ. ಪ್ರವಾಸದ ಹೊತ್ತಿಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಹೊಸದಕ್ಕೆ ತಂದೆ-ತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆಯ ಘೋಷಣಾ ಪತ್ರ, ಅಂದರೆ ಅನೆಕ್ಷರ್ ‘ಡಿ’ ಬೇಕು. ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮೇ ತಿಂಗಳಲ್ಲೇ ಈ ಕೆಲಸ ಮುಗಿಸುವುದು ಒಳ್ಳೆಯದು. ಭಾರತೀಯರಿಗೆ ಸಿಂಗಪುರದ ವೀಸಾ ಮೊದಲೇ ಆಗಿರಬೇಕು. ಸಿಂಗಪುರ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ತುಂಬಬೇಕಾದ ಎಸ್‌ಜಿ ಅರೈವಲ್ ಕಾರ್ಡ್ ಅನ್ನು ತುಂಬುವುದು ತಲುಪುವ ದಿನವೂ ಸೇರಿ ಮುಂಚಿನ 3 ದಿನದೊಳಗೆ, ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ನಕಲಿ ಎಂದೇ ತಿಳಿಯಿರಿ.

ನಮ್ಮ ಕಡೆಯ ಮಕ್ಕಳಿಗೆ ಹೆಸರಿನದೇ ತೊಡಕು. ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಬಿಟ್ಟಿರಬಹುದು, ಅಡ್ಡಹೆಸರಿನ ಜಾಗವೇ ಖಾಲಿ ಇರಬಹುದು. ಹಾಜರಿ ಪುಸ್ತಕ ನೋಡಿ ಟಿಕೆಟ್ ಬುಕ್ ಮಾಡಿದರೆ ವಿಮಾನ ನಿಲ್ದಾಣದ ಕೌಂಟರ್‌ನಲ್ಲೇ ತಡೆಯುತ್ತಾರೆ. ಪ್ರತಿ ಮಗುವಿನ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ಹೆಸರು ತುಂಬಿ.

– ಶೈಕ್ಷಣಿಕ ಪ್ರವಾಸದ ಹೊಣೆ ಹೊತ್ತ ಶಿಕ್ಷಕರು, ಹುಬ್ಬಳ್ಳಿ