ಸಿಕ್ವೆನ್ಶಿಯಲ್ ಗೇರ್‌ಬಾಕ್ಸ್ ಕೈಬಿಡ್ತಿದೀವಿ, ಯಾಕೆ ಅಂತ ಪೂರ್ತಿ ಹೇಳ್ತೀವಿ

ಎಲ್ರಿಗೂ ನಮಸ್ಕಾರ,

ನಮ್ಮ ಶೆಡ್ಡಲ್ಲಿ ಮಾಡೋ ಹಗುರದ ಟ್ರ್ಯಾಕ್ ಕಾರ್ ಬುಕ್ ಮಾಡಿ ಕಾಯ್ತಿರೋರಿಗೂ, ಆಗ್ಲೇ ತಗೊಂಡು ಓಡಿಸ್ತಿರೋ ನಾಲ್ಕು ಜನಕ್ಕೂ ಸೇರಿಸಿ ಒಂದೇ ಪತ್ರ ಬರೀತಿದೀವಿ, ಯಾಕಂದ್ರೆ ಫೋನಲ್ಲಿ ಒಬ್ಬೊಬ್ರಿಗೆ ಒಂದೊಂದು ಥರ ಹೇಳಿ ಆಮೇಲೆ ನೀವೆಲ್ಲ ಟ್ರ್ಯಾಕಲ್ಲಿ ಸೇರಿದಾಗ ನಂಗೆ ಹಂಗಂದ್ರು ನಿಂಗೆ ಹಿಂಗಂದ್ರು ಅಂತ ಮಾತು ಬೆಳೆಯೋದು ಬೇಡ. ವಿಷ್ಯ ಇಷ್ಟೇ: ಬ್ರೋಷರಲ್ಲಿ ದೊಡ್ಡಕ್ಷರದಲ್ಲಿ 6 ಗೇರಿನ ಸಿಕ್ವೆನ್ಶಿಯಲ್ ಡಾಗ್ ಬಾಕ್ಸ್ (ಲಿವರ್ ಹಿಂದೆ ಮುಂದೆ ಎಳೆದ್ರೆ ಗೇರು ಒಂದಾದ್ಮೇಲೊಂದು ಬೀಳೋ ರೇಸ್ ಗೇರ್‌ಬಾಕ್ಸು) ಅಂತ ಹಾಕಿದ್ವಲ್ಲ, ಅದು ಇನ್ಮೇಲೆ ಇಲ್ಲ. ಮುಂದಿನ ಕಾರಿಂದ ಮಾರುತಿ ಜಿಪ್ಸಿ ಜೀಪಿನ 5 ಗೇರಿನ ಬಾಕ್ಸ್ ಬರತ್ತೆ, ಅದ್ರೊಳಗೆ ಫಸ್ಟು ಸೆಕೆಂಡು ಮಾತ್ರ ನಾವೇ ಹೊಸದಾಗಿ ಮಾಡಿಸಿದ್ದು.

ಅಯ್ಯೋ ಜಿಪ್ಸಿ ಬಾಕ್ಸಾ ಅಂತ ಆಗ್ಲೇ ಯಾರೋ ಮುಖ ಸಿಂಡರಿಸಿರ್ತೀರ, ಗೊತ್ತು. ನಾವೂ ಎರಡು ವರ್ಷದ ಹಿಂದೆ ಹಂಗೇ ಅಂದಿದ್ವಿ. ನಿಜ ಹೇಳ್ಬೇಕಂದ್ರೆ ಸಿಕ್ವೆನ್ಶಿಯಲ್ ಹಾಕಿದ್ದೇ ಅರ್ಧ ಶೋಕಿಗೆ. ಲಿವರ್ ಹಿಂದಕ್ಕೆಳೆದ್ರೆ ಟಕ್ ಅಂತ ಮುಂದಿನ ಗೇರು, ಆ ಸೌಂಡು, ಆ ವಿಡಿಯೋ, ಬುಕಿಂಗ್ ಬಂದಿದ್ದೂ ಅದನ್ನ ನೋಡೇ ಅಲ್ವಾ.

ಆಗಿದ್ದೇನು ಅಂದ್ರೆ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ನಮ್ಮ ಡೆಮೊ ಕಾರ್ ತಗೊಂಡೋಗಿದ್ವಿ, ಇಲ್ಲಿಂದ ನಾನೂರು ಕಿಲೋಮೀಟರ್ ಮೇಲಾಗತ್ತೆ, ರಾತ್ರಿಯೆಲ್ಲಾ ಟ್ರೈಲರ್ ಎಳ್ಕೊಂಡು ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳ್ಕೊಂಡು ಬೆಳಿಗ್ಗೆ ಹೋಗಿ ಸೇರಿದ್ವಿ. ಎರಡನೇ ಸೆಷನ್ನಲ್ಲಿ ಥರ್ಡ್ ಗೇರು ನಿಲ್ತಾನೇ ಇಲ್ಲ, ಆಕ್ಸಿಲರೇಟರ್ ಬಿಟ್ರೆ ಸಾಕು ಪಟ್ ಅಂತ ಆಚೆ ಬಂದ್ಬಿಡ್ತಿತ್ತು. ವಾಪಸ್ ಬಂದು ಬಾಕ್ಸ್ ಇಳಿಸಿ ಆಯಿಲ್ ಬಿಟ್ಟು ನೋಡಿದ್ರೆ ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ನುಚ್ಚಕ್ಕಿ ಥರ ಉಕ್ಕಿನ ಚೂರು. ಗೇರನ್ನ ಹಿಡಿದು ನಿಲ್ಲಿಸೋ ಡಾಗ್ ಹಲ್ಲಿನ ಮೂಲೆಗಳು ಚೌಕ ಇರ್ಬೇಕಾದ್ದು ಹಳೇ ಸೋಪ್ ಬಿಲ್ಲೆ ಥರ ಸವೆದು ದುಂಡಗಾಗಿದ್ವು.

ತಪ್ಪು ಬಾಕ್ಸಿಂದಲ್ಲ, ಓಡಿಸಿದ್ದು ನಾನು. ಡಾಗ್ ಬಾಕ್ಸಲ್ಲಿ ಸಿಂಕ್ರೋ ರಿಂಗ್ ಇರಲ್ಲ. ನಮ್ಮ ಮಾಮೂಲಿ ಕಾರಲ್ಲಿ ಹಿತ್ತಾಳೆ ರಿಂಗು ಎರಡು ಕಡೆ ಸ್ಪೀಡನ್ನ ಉಜ್ಜಿ ಸಮ ಮಾಡಿ ಆಮೇಲೆ ಗೇರ್ ಒಳಗೆ ಬಿಡತ್ತೆ, ಡಾಗ್ ಬಾಕ್ಸಲ್ಲಿ ನಾಲ್ಕೈದು ದಪ್ಪ ಹಲ್ಲು ನೇರವಾಗಿ ಎದುರಿನ ಸಂದಿಗೆ ಹೊಡೆದು ಸೇರ್ಕೊಳತ್ತೆ, ಅದಕ್ಕೆ ಲಿವರ್ ಎಳೆಯೋವಾಗ ಅನುಮಾನ ಇರ್ಬಾರ್ದು, ಗಟ್ಟಿಯಾಗಿ ಒಂದೇಟಿಗೆ ಎಳೀಬೇಕು. ಪಾಪ ಗೇರ್‌ಬಾಕ್ಸು ಅಂತ ಕರುಣೆ ತೋರಿಸಿ ಮೆತ್ತಗೆ ಹಾಕಿದ್ರೆ ಹಲ್ಲು ಹಲ್ಲಿನ ಮೂಲೆ ಮೇಲೆ ಕರಕರ ಅಂತ ಉಜ್ಜಿ ಹಾಳಾಗತ್ತೆ. ಇಪ್ಪತ್ತೈದು ವರ್ಷ ಮಾಮೂಲಿ ಗೇರ್ ಹಾಕಿ ಅಭ್ಯಾಸ ಆಗಿರೋ ಕೈ ನಂದು, ಮೆತ್ತಗೇ ಹೋಗತ್ತೆ. ನಿಮ್ಮಲ್ಲಿ ಮುಕ್ಕಾಲು ಜನದ್ದೂ ಹಂಗೇ. ವಾರವೆಲ್ಲಾ ಆಫೀಸಿಗೆ ಆಟೋಮ್ಯಾಟಿಕ್ ಓಡ್ಸಿ ಎರಡು ತಿಂಗಳಿಗೊಂದ್ಸಲ ಟ್ರ್ಯಾಕಿಗೆ ಬರೋರು ನೀವು, ಬೈಕೋಬೇಡಿ.

ಸ್ಪೇರ್ ಡಾಗ್ ರಿಂಗ್ (ಆ ಹಲ್ಲಿರೋ ಬಳೆ) ತರಿಸೋ ಕಥೆ ಇನ್ನೊಂದು. ಇಂಪೋರ್ಟ್ ಮಾಡ್ಕೊಡೋರ ಹೆಸ್ರು ಬೇಡ, ಎರಡು ವಾರ ಅಂದಿದ್ದು ಹನ್ನೊಂದು ವಾರ ಆಯ್ತು, ಬಂದಿದ್ದು ಬೇರೆ ಗೇರಿನ ರಿಂಗು. ಅಷ್ಟು ದಿನ ಡೆಮೊ ಕಾರು ಶೆಡ್ಡಲ್ಲಿ ಇಟ್ಟಿಗೆ ಮೇಲೆ ಕೂತಿತ್ತು. ಅದೇ ನಿಮ್ಮ ಕಾರಾಗಿದ್ರೆ ನೀವು ನನ್ನ ಬಿಡ್ತಿದ್ರಾ?

ಇನ್ನು ರೋಡ್ ಥರದ ಓಡಾಟ. ಇಲ್ಲೇ ಊರಾಚೆ ಪರಿಚಯದವರ ಲೇಔಟ್ ಒಂದಿದೆ, ರೋಡ್ ಹಾಕಿ ಲೈಟ್ ಕಂಬ ನೆಟ್ಟು ಮೂರು ವರ್ಷ ಆಯ್ತು ಸೈಟ್ ಮಾತ್ರ ಹೋಗಿಲ್ಲ, ಅವರ ಪರ್ಮಿಷನ್ ಕೇಳಿ ಅಲ್ಲಿ ಟ್ರಾಫಿಕ್ ಥರ ನಿಧಾನಕ್ಕೆ ಓಡ್ಸಿ ನೋಡಿದ್ವಿ. 20 ಕಿಲೋಮೀಟರ್ ಸ್ಪೀಡಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದ್ರೆ ಡಾಗ್‌ಗಳ ಮಧ್ಯೆ ಇರೋ ಸಂದಿಯಿಂದ ಕಾರು ಎತ್ತಿನಗಾಡಿ ಥರ ಜಗ್ಗತ್ತೆ, ನೇರ ಹಲ್ಲಿನ ಗೇರಲ್ವಾ ಕಿವಿ ಪಕ್ಕದಲ್ಲೇ ಹಿಟ್ಟಿನ ಗಿರಣಿ ಇಟ್ಟಂಗೆ ಸೌಂಡು, ನ್ಯೂಟ್ರಲ್ ಹುಡುಕೋಕೆ ಎರಡ್ಮೂರು ಸಲ ಹಿಂದೆ ಮುಂದೆ. ನಮ್ಮ ಮನೆಯವ್ರು ಒಂದೇ ರೌಂಡಿಗೆ ಇಳಿದ್ಬಿಟ್ರು.

ಸರಿ, ಹಂಗಾದ್ರೆ ಏನು ಹಾಕೋದು ಅಂತ ಯೋಚ್ನೆ ಮಾಡಿದಾಗ ಮೊದ್ಲು ಕಣ್ಣು ಹೋಗಿದ್ದು ಬೈಕ್ ಇಂಜಿನ್ ಕಡೆ, ಗೇರ್‌ಬಾಕ್ಸ್ ಜೊತೇಲೇ ಬರತ್ತೆ, ಹಗುರ. ಆದ್ರೆ ಅದ್ರಲ್ಲಿ ರಿವರ್ಸ್ ಇಲ್ಲ, ಕ್ಲಚ್ಚು ಇನ್ನೂರು ಕೆಜಿ ಬೈಕನ್ನ ಎಬ್ಬಿಸೋಕೆ ಮಾಡಿರೋದು, 540 ಕೆಜಿ ಕಾರನ್ನ ದಿನಾ ಎಬ್ಬಿಸು ಅಂದ್ರೆ ಸುಡತ್ತೆ. ಸ್ವಿಫ್ಟ್ ಬಾಕ್ಸ್ ಹಾಕಿ ಇಂಜಿನ್ ಹಿಂದಕ್ಕೆ ತಗೊಂಡೋಗಿ ಅಂತ ನಿಮ್ಮಲ್ಲೇ ಒಬ್ರು ಹೇಳಿದ್ರು, ಐಡಿಯಾ ಚೆನ್ನಾಗಿದೆ ಸಾರ್, ಆದ್ರೆ ಅದು ಗೇರ್‌ಬಾಕ್ಸ್ ಬದಲಾಯ್ಸೋದಲ್ಲ, ಇನ್ನೊಂದು ಕಾರ್ ಮಾಡೋದು. ಜಪಾನಿನ ಸ್ಪೋರ್ಟ್ಸ್ ಕಾರು ಮಾಜ್ದಾ ಎಂಎಕ್ಸ್-5ರ ಬಾಕ್ಸ್ ನಮಗೆ ತುಂಬಾ ಇಷ್ಟ, ಅದರ 5 ಗೇರಿನದ್ರಲ್ಲಿ ಫಸ್ಟು 3.136 (ಅಂದ್ರೆ ಬಾಕ್ಸಿಂದ ಒಂದು ಸುತ್ತು ಬರೋಕೆ ಇಂಜಿನ್ 3.136 ಸುತ್ತು), ಸೆಕೆಂಡು 1.888, ಇಂಥ ಕಾರಿಗೆ ಹೇಳಿ ಮಾಡಿಸಿದಂಗಿದೆ, ಆದ್ರೆ ಆ ಕಾರು ನಮ್ಮ ದೇಶದಲ್ಲಿ ಮಾರಾಟಕ್ಕೇ ಬರ್ಲಿಲ್ಲ, ಮತ್ತೆ ಅದೇ ಇಂಪೋರ್ಟು ಅದೇ ಹನ್ನೊಂದು ವಾರ.

ಕೊನೆಗೆ ನೋಡಿದ್ರೆ ಉತ್ತರ ನಮ್ಮ ಶೆಡ್ಡಲ್ಲೇ ಮೂಲೇಲಿ ಧೂಳು ಹಿಡ್ಕೊಂಡು ಬಿದ್ದಿತ್ತು. ನಮ್ಮ ಕಾರಿನ ಇಂಜಿನ್ನೇ ಜಿಪ್ಸಿದು, 1.3 ಲೀಟರ್ ಜಿ13ಬಿಬಿ, 6000 ಆರ್‌ಪಿಎಮ್‌ಗೆ 80 ಹಾರ್ಸ್‌ಪವರ್, 4500ಕ್ಕೆ 103 ನ್ಯೂಟನ್ ಮೀಟರ್ ಟಾರ್ಕು, ಅಂದ್ರೆ ತಿರುಗಿಸೋ ಬಲ. ಇಂಜಿನ್ ಎತ್ಕೊಂಡು ಬಾಕ್ಸ್ ಪಕ್ಕಕ್ಕಿಟ್ಟಿದ್ವಿ ಅಷ್ಟೇ. ಜಿಪ್ಸೀಲಿ ಒಂದು ಒಳ್ಳೆ ವಿಷ್ಯ ಏನಂದ್ರೆ ಫೋರ್ ವೀಲಿನ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟ್ಕೊಂಡಿಲ್ಲ, ಬೇರೆ ಡಬ್ಬಿ, ಮಧ್ಯೆ ಒಂದು ಗಿಡ್ಡ ಶಾಫ್ಟ್ ಇರತ್ತೆ. ಆ ಡಬ್ಬಿ ಬಿಟ್ಹಾಕಿ ಬಾಕ್ಸಿಂದ ನೇರ ಹಿಂದಿನ ಆಕ್ಸಲ್‌ಗೆ ಪ್ರೊಪೆಲ್ಲರ್ ಶಾಫ್ಟ್ ಕೊಟ್ರೆ ಮುಗೀತು, ಕೊಯ್ಯೋದು ವೆಲ್ಡ್ ಮಾಡೋದು ಏನೂ ಇಲ್ಲ. 2019ರಲ್ಲಿ ಜಿಪ್ಸಿ ಜನಕ್ಕೆ ಮಾರೋದು ನಿಲ್ಲಿಸಿದ್ರೂ ಪಾರ್ಟ್ಸು ಸಿಗತ್ತೆ, ರಿಪೇರಿ ಗೊತ್ತಿರೋರು ಊರೂರಲ್ಲೂ ಇದಾರೆ.

ಒಂದೇ ತೊಂದ್ರೆ, ಗೇರಿನ ಅಂತರ. ಕಂಪನಿ ಬಾಕ್ಸಲ್ಲಿ ಫಸ್ಟು 3.652, ಸೆಕೆಂಡು 1.947, ಥರ್ಡು 1.423, ಫೋರ್ತ್ ನೇರ 1, ಫಿಫ್ತು 0.795. ಹೆಚ್ಚುಕಮ್ಮಿ ಒಂದು ಟನ್ ಜೀಪು ಗದ್ದೆ ಬದುವಿಂದ ಮೇಲೆ ಬರೋಕೆ ಫಸ್ಟ್ ಅಷ್ಟು ಗಿಡ್ಡ, ಅಂದ್ರೆ ಎಳೆತ ಜಾಸ್ತಿ ಸ್ಪೀಡ್ ಕಮ್ಮಿ, ಇರ್ಲೇಬೇಕು. ನಮ್ಮ ಕಾರಿಗೆ ಅದು ಬೇಡ. ಲೆಕ್ಕ ಹಾಕಿ ನೋಡಿ, ಸುತ್ತನ್ನ ಮತ್ತೆ 3.9 ಪಟ್ಟು ಇಳಿಸೋ ಆಕ್ಸಲ್ಲು, 185/60 ಆರ್13 ಟೈರು, 6500ರವರೆಗೂ ಎಳೆದ್ರೆ ಫಸ್ಟು 47 ಕಿಲೋಮೀಟರ್‌ಗೇ ಮುಗಿದೋಗತ್ತೆ, ಅಲ್ಲಿ ಸೆಕೆಂಡ್ ಹಾಕಿದ ತಕ್ಷಣ ಆರ್‌ಪಿಎಮ್ 3470ಕ್ಕೆ ಬೀಳತ್ತೆ, ಟಾರ್ಕ್ ಇರೋದು 4500ರಲ್ಲಿ. ಟ್ರ್ಯಾಕಲ್ಲಿ ಇಕ್ಕಟ್ಟಿನ ಹೇರ್‌ಪಿನ್ ಒಂದನ್ನ 40ರಲ್ಲಿ ತಿರುಗಿಸ್ತಿದೀರಿ ಅನ್ಕೊಳ್ಳಿ, ಫಸ್ಟಲ್ಲಿದ್ರೆ ಇಂಜಿನ್ 5500ರಲ್ಲಿ ಕಿರುಚ್ತಿರತ್ತೆ ಮತ್ತೆ ಎರಡು ಕಾರುದ್ದ ಹೋಗೋದ್ರೊಳಗೆ ಗೇರ್ ಬದಲಾಯಿಸ್ಬೇಕು, ಸೆಕೆಂಡಲ್ಲಿದ್ರೆ 2900ರಲ್ಲಿ ನಿದ್ದೆ. ಎರಡೂ ಸರಿಯಿಲ್ಲ. ನಾವು ಸಿಕ್ವೆನ್ಶಿಯಲ್ ಹಿಂದೆ ಬಿದ್ದಿದ್ದು ಗೇರ್ ಬೇಗ ಬೀಳ್ಲಿ ಅಂತ, ಆದ್ರೆ ಕಾರಿಗೆ ನಿಜವಾಗ್ಲೂ ಬೇಕಿದ್ದಿದ್ದು ಬೇಗ ಬೀಳೋ ಗೇರಲ್ಲ, ಸರಿಯಾದ ಜಾಗದಲ್ಲಿರೋ ಗೇರು. ಇದು ತಲೆಗೆ ಹೋಗೋಕೆ ಎರಡು ವರ್ಷ ಬೇಕಾಯ್ತು ನೋಡಿ.

ಅದಕ್ಕೆ ಪೀಣ್ಯದಲ್ಲಿ ಗೇರ್ ಕಟ್ ಮಾಡೋರ ಹತ್ರ ಹೋಗಿ ಹೊಸ ಲೇ ಶಾಫ್ಟು (ಗೇರುಗಳಿಗೆ ಜೋಡಿ ಹಲ್ಲಿರೋ ಒಳಗಿನ ಶಾಫ್ಟು), ಫಸ್ಟು, ಸೆಕೆಂಡು ಮಾಡಿಸಿದ್ವಿ. 20ಎಂಎನ್‌ಸಿಆರ್5 ಉಕ್ಕು, ಕಾರ್ಬರೈಸ್ ಮಾಡಿ ಮೇಲ್ಪದರ ಗಟ್ಟಿ ಮಾಡಿ ಗ್ರೈಂಡ್ ಮಾಡಿರೋದು, ಓರೆ ಹಲ್ಲು, ಹಾಗಾಗಿ ಗಿರಣಿ ಸೌಂಡ್ ಇಲ್ಲ. ಫಸ್ಟು ಈಗ 2.90, ಸೆಕೆಂಡು 1.85, ಉಳಿದಿದ್ದು ಮೊದ್ಲಿನ ಅಳತೆಗೇ. ಈಗ ಅದೇ 40ರ ಹೇರ್‌ಪಿನ್ನಲ್ಲಿ ಫಸ್ಟಲ್ಲಿ 4350 ಇರತ್ತೆ, ಸರಿಯಾಗಿ ಟಾರ್ಕಿನ ಬಾಗ್ಲಲ್ಲಿ, ಅಲ್ಲಿಂದ 60ರವರೆಗೂ ಎಳೀಬಹುದು, ಸೆಕೆಂಡ್ ಹಾಕಿದ್ರೆ 4150ಕ್ಕೆ ಮಾತ್ರ ಇಳಿಯತ್ತೆ, ಸೆಕೆಂಡು 93ರ ತನಕ. ಫಿಫ್ತಲ್ಲಿ 100ಕ್ಕೆ 3000 ಆರ್‌ಪಿಎಮ್ಮು, ಮಾತಾಡೋದು ಕೇಳ್ಸತ್ತೆ. ಫಸ್ಟಿಗೆ ಇಳಿಸುವಾಗ ಮಾತ್ರ ಆಕ್ಸಿಲರೇಟರ್ ಒಂದು ಸಣ್ಣ ಕುಟುಕು ಕೊಡಿ, ಸಿಂಕ್ರೋ ಇದೆ ಅಂತ ಎಲ್ಲಾ ಭಾರ ಅದರ ಮೇಲೇ ಹಾಕ್ಬೇಡಿ.

ಇನ್ನೂ 6 ಗೇರಿನ ಆಸೆ ಇರೋರಿಗೆ ಒಂದು ಮಾತು. ಇಂಥ ಕಾರಿನ ತವರು ಇಂಗ್ಲೆಂಡು, 1957ರ ಲೋಟಸ್ ಸೆವೆನ್ನಿಂದ ಬಂದ ವಂಶ, 1973ರಿಂದ ಕೇಟರ್‌ಹ್ಯಾಮ್‌ನವ್ರು ಮಾಡ್ತಿದಾರೆ. ಅವರ 620ಆರ್ ಅನ್ನೋ ಕಾರಿಗೆ ಸಿಕ್ವೆನ್ಶಿಯಲ್ ಕೊಟ್ರು ನಿಜ, ಅದ್ರಲ್ಲಿದ್ದ ಇಂಜಿನ್ 310 ಹಾರ್ಸ್‌ಪವರ್. ಅದೇ ಮನೆಯ 170 ಅನ್ನೋ ಕಾರು, 440 ಕೆಜಿ, 660 ಸಿಸಿ ಟರ್ಬೊ ಸುಜುಕಿ ಇಂಜಿನ್, 84 ಹಾರ್ಸ್‌ಪವರ್, ಅದಕ್ಕೆ ಕೊಟ್ಟಿರೋದು ಸುಜುಕಿಯದೇ 5 ಗೇರಿನ ಮಾಮೂಲಿ ಬಾಕ್ಸು. ನಾವು ಯಾವ ಕಡೆ ಅಂತ ಬಿಡಿಸಿ ಹೇಳ್ಬೇಕಿಲ್ಲ.

ಹೊಸ ಬಾಕ್ಸಲ್ಲಿ ಕೊರತೆ ಇಲ್ವಾ, ಇದೆ. ಫಸ್ಟ್ ಉದ್ದ ಆಗಿರೋದ್ರಿಂದ ಟ್ರೈಲರ್ ರ‍್ಯಾಂಪ್ ಮೇಲೆ ಹತ್ತಿಸುವಾಗ ಕ್ಲಚ್ ವಾಸ್ನೆ ಬರತ್ತೆ, ನಾವೇ ಒಂದು ಪ್ಲೇಟ್ ಸುಟ್ಕೊಂಡ್ವಿ, ದಯವಿಟ್ಟು ವಿಂಚ್ ಹಾಕಿ ಎಳೀರಿ. ಲ್ಯಾಪ್ ಟೈಮು ಸಿಕ್ವೆನ್ಶಿಯಲ್‌ಗಿಂತ ಸ್ವಲ್ಪ ಜಾಸ್ತಿ ಆಗತ್ತೆ, ಚೆನ್ನಾಗಿ ಓಡ್ಸೋರ ಕೈಲಿ. ನನ್ನ ಕೈಲಿ ಕಮ್ಮಿನೇ ಆಯ್ತು, ಏನು ಹೇಳೋದು.

ರೋಡ್ ವಿಷ್ಯ ಎಲ್ರೂ ಕೇಳ್ತೀರ, ಅದಕ್ಕೂ ಇಲ್ಲೇ ಹೇಳ್ಬಿಡ್ತೀವಿ. ಕಾರನ್ನ ರೋಡಿಗೂ ಆಗೋ ಥರ ಮಾಡಿದೀವಿ ಅಂದ್ರೆ ರೋಡಿಗೆ ಇಳಿಸ್ಬಹುದು ಅಂತಲ್ಲ, ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಪ್ರೋಟೋಟೈಪ್ ಟೆಸ್ಟ್ ಆಗಿ ಸರ್ಟಿಫಿಕೇಟ್ ಬರೋವರೆಗೂ ಟ್ರೈಲರೇ ಗತಿ. ಹಳೇ ಜಿಪ್ಸಿ ಆರ್‌ಸಿ ಇದೆ, ಅದರ ನಂಬರ್ ಹಾಕ್ಕೊಂಡು ಒಂದು ಭಾನುವಾರ ನಂದಿ ಬೆಟ್ಟ ಹತ್ತಿ ಬರ್ತೀನಿ ಅಂತ ಮೂರು ಜನ ಕೇಳಿದೀರ. ಬೇಡ. ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋಹಂಗಿಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಹಿಡಿದ್ರೆ ನಿಮ್ಜೊತೆ ನಮ್ಮ ಶೆಡ್ಡೂ ಹೋಗತ್ತೆ.

ಈಗ ದುಡ್ಡು. ಸಿಕ್ವೆನ್ಶಿಯಲ್ ಅಂತ ಬುಕ್ ಮಾಡಿರೋರಿಗೆ ಕಾರಿನ ರೇಟಲ್ಲಿ 1 ಲಕ್ಷ 85 ಸಾವಿರ ಕಮ್ಮಿ ಆಗತ್ತೆ, ಅದನ್ನ ಕೊನೇ ಕಂತಲ್ಲಿ ಹಿಡ್ಕೊಳ್ಳಿ, ಪೂರ್ತಿ ಕಟ್ಟಿರೋ ಇಬ್ಬರಿಗೆ ಈ ತಿಂಗಳಲ್ಲೇ ಅಕೌಂಟಿಗೆ ಹಾಕ್ತೀವಿ. ನಂಗೆ ಸಿಕ್ವೆನ್ಶಿಯಲ್ಲೇ ಬೇಕು ಇಲ್ಲಾಂದ್ರೆ ಕಾರೇ ಬೇಡ ಅನ್ನೋರಿಗೆ ಅಡ್ವಾನ್ಸ್ ಪೂರ್ತಿ ವಾಪಸ್, ಬೇಜಾರಿಲ್ಲ, ಆಯುಧ ಪೂಜೆ ಒಳಗೆ ಹೇಳ್ಬಿಡಿ, ಆಮೇಲೆ ಗೇರ್ ಸೆಟ್ಟಿಗೆ ಆರ್ಡರ್ ಹೋಗತ್ತೆ. ಆಗ್ಲೇ ಡಾಗ್ ಬಾಕ್ಸ್ ಇರೋ ನಾಲ್ಕು ಜನ ಹಂಗೇ ಇಟ್ಕೋಬಹುದು, ಕೈಲಿರೋ ಸ್ಪೇರ್ ರಿಂಗುಗಳು ನಿಮಗೇ ಮೀಸಲು, ಬದಲಾಯಿಸ್ಬೇಕು ಅಂದ್ರೆ ಲೇಬರ್ ತಗೊಳಲ್ಲ, ಹೊಸ ಬಾಕ್ಸಿನ ದುಡ್ಡು ಮಾತ್ರ.

ಹೊಸ ಬಾಕ್ಸಿಗೆ ಒಂದು ವರ್ಷ ಗ್ಯಾರಂಟಿ, ಆಯಿಲ್ 75ಡಬ್ಲ್ಯು-90 ಜಿಎಲ್-4 ಮಾತ್ರ ಹಾಕ್ಬೇಕು. ಅಂಗ್ಡಿಯವ್ನು ಜಿಎಲ್-5 ಇನ್ನೂ ಒಳ್ಳೇದು ಸಾರ್ ಅಂತ ಕೊಡ್ತಾನೆ, ತಗೋಬೇಡಿ, ಅದರಲ್ಲಿರೋ ಗಂಧಕದ ಕೆಮಿಕಲ್ಲು ಹಿತ್ತಾಳೆ ಸಿಂಕ್ರೋನ ತಿನ್ನೋ ಸಾಧ್ಯತೆ ಇದೆ. ಮೊದಲ 300 ಕಿಲೋಮೀಟರಿಗೆ ಒಂದ್ಸಲ ಆಯಿಲ್ ಬಿಟ್ಟು ಮ್ಯಾಗ್ನೆಟ್ ನೋಡಿ, ವಿಭೂತಿ ಥರ ಬೂದಿ ಇದ್ರೆ ಒರೆಸಿ ಹಾಕಿ, ನುಚ್ಚು ಸಿಕ್ರೆ ಕಾರ್ ಸ್ಟಾರ್ಟ್ ಮಾಡದೆ ಫೋನ್ ಮಾಡಿ.

ಬರೋ ಎರಡು ಭಾನುವಾರನೂ ಶೆಡ್ ತೆಗ್ದಿರತ್ತೆ, ಹಳೇ ಬಾಕ್ಸು ಹೊಸ ಬಾಕ್ಸು ಎರಡೂ ಬಿಚ್ಚಿ ಟೇಬಲ್ ಮೇಲೆ ಇಟ್ಟಿರ್ತೀವಿ, ಆ ಸವೆದ ಡಾಗ್ ರಿಂಗೂ ಇರತ್ತೆ, ಕೈಲಿ ಹಿಡ್ದು ನೋಡಿ ಆಮೇಲೆ ಬೈರಿ. ಹೈವೇ ಕಡೆಯಿಂದ ನಮ್ಮ ಶೆಡ್ಡಿಗೆ ಬರೋ ರೋಡ್ ಪೈಪ್ ಹಾಕೋಕೆ ಅಗೆದಿದಾರೆ, ಹಿಂದ್ಗಡೆ ದ್ರಾಕ್ಷಿ ತೋಟದ ಪಕ್ಕದ ಮಣ್ಣಿನ ದಾರಿಲಿ ಬನ್ನಿ, ನೆಲಕ್ಕೆ ತಗ್ಗಾಗಿರೋ ಕಾರ್ ತರಬೇಡಿ ತಳ ಉಜ್ಜತ್ತೆ.

ಇಂತಿ,
ಶೆಡ್ಡಿನವರೆಲ್ಲರ ಪರವಾಗಿ, ಚಿಕ್ಕಬಳ್ಳಾಪುರ